ಹಲಗಿ ಬಡಿಯದ ಸಾವು

“ಹಲಗಿ ಬಡದಿಯೇನ್ಲೇ, ಸೂಳೆಮಗನ? ಬಡದಿಲ್ಲ. ಮತ್ತ ಯಾರು ಸತ್ತಾರ ಅಂತ ಬರಕೊಳ್ಳಲಿ ನಾ?”

ಊರಿನ ಲೆಕ್ಕ ಬರೆಯುವ ತಲಾಠಿ ಕೃಷ್ಣಾಜಿ ಚಾವಡಿ ಕಟ್ಟೆಯ ಮೇಲೆ ಕುಳಿತು ಅಡಕೆ ಕತ್ತರಿಸುತ್ತಿದ್ದ. ಹುಲಗಪ್ಪ ಕಟ್ಟೆಯಿಂದ ದೂರಕ್ಕೆ, ಬಿಸಿಲಿನಲ್ಲಿ ನಿಂತಿದ್ದ. ಉಗುರಿನ ಸಂದಿಯಲ್ಲಿ ಇನ್ನೂ ಹಸಿ ಮಣ್ಣು. ಬೆಳಿಗ್ಗೆ ಹೆಂಡತಿಯನ್ನು ಮಣ್ಣು ಮಾಡಿ, ಕೈ ತೊಳೆಯಲು ನೀರು ಸಾಲದೆ ಹಾಗೆಯೇ ಬಂದಿದ್ದ.

“ನನ್ನ ಹೇಂತಿ ಸತ್ತಾಳ್ರಿ ಯಪ್ಪಾ. ಅಕಿಗಿಂತ ಮೊದಲ ನಮ್ಮವ್ವ. ಬಾಜೂಕಿನ ಪರಸ್ಯಾನ ಮನ್ಯಾಗ ದೀಪಾ ಹಚ್ಚಾಕ ಒಂದ ಜೀವ ಉಳದಿಲ್ಲ. ವಾಂತಿ-ಭೇದಿರಿ. ಈಗ ಮಗಳಿಗೂ ಹತ್ತೇತಿ. ದವಾಖಾನಿ ಜೀಪು ಕರಸ್ರಿ.”

“ಹೆಣ ಬಿದ್ದಾವ ಅಂತ ನಾ ಬರದ್ರ ಜೀಪು ಬರ್ತದ. ಬಿದ್ದಾವ ಅಂತ ನನಗ ಹ್ಯಾಂಗ ಗೊತ್ತಾಗಬೇಕು? ಕನಸು ಬೀಳಬೇಕೇನು?”

“ನಾ ಹೇಳಾಕತ್ತೀನಲ್ರಿ.”

“ನೀ ಏನ ಬೇಕಾದ್ದು ಹೇಳ್ತೀ. ನಿಮ್ಮ ಮಂದಿ ಬಾಯಿ ಮ್ಯಾಲ ಸರಕಾರ ನಡೀತದೇನು?”

ಆ ಊರಲ್ಲಿ ಕೇರಿಯ ಸಾವನ್ನು ಎಣಿಸುವ ರೀತಿಯೇ ಹಾಗಿತ್ತು. ಕೃಷ್ಣಾಜಿ ಕೇರಿಗೆ ಕಾಲಿಟ್ಟವನಲ್ಲ. ಕುಲಕರ್ಣಿಕಿ ಮಾಡಿ ಸತ್ತ ಅವನ ಅಪ್ಪನೂ ಇಟ್ಟವನಲ್ಲ. ಹಳ್ಳದ ಕಡೆಯಿಂದ ಹಲಗಿಯ ಸಪ್ಪಳ ಬಂದರೆ ಕೇರಿಯಲ್ಲಿ ಒಂದು ಜೀವ ಹೋಯಿತು ಎಂದು ಕಟ್ಟೆಯ ಮೇಲೆ ಕುಳಿತೇ ತಿಳಿದುಕೊಳ್ಳುತ್ತಿದ್ದರು. ಆಮೇಲೆ ಹಲಗಿ ಬಡಿದವನು ಬಂದು ಸತ್ತವರ ಹೆಸರು ಒದರಿ ಹೋಗುತ್ತಿದ್ದ. ಬಡಿಯುವವನೂ ಒದರುವವನೂ ಹುಲಗಪ್ಪನೇ.

ಆದರೆ ಬೇನೆಯ ತಾಯಿ ದುರಗವ್ವ ಬಂದ ವರ್ಷದ ಮಾತು ಬೇರೆ. ವಾಂತಿ-ಭೇದಿಯಾಗಿ ಹೋದವರನ್ನು ಸತ್ತರು ಎನ್ನುವಂತಿಲ್ಲ, ತಾಯಿ ಕರೆದುಕೊಂಡಳು ಎನ್ನಬೇಕು. ಅವರಿಗೆ ಹಲಗಿ ಇಲ್ಲ, ಹಾಡಿ ಅಳುವುದಿಲ್ಲ. ಸಪ್ಪಳ ಕೇಳಿದರೆ ಊರು ದಾಟುತ್ತಿರುವ ತಾಯಿ ತಿರುಗಿ ನೋಡುತ್ತಾಳೆ, ನೋಡಿದರೆ ಮತ್ತೆ ಬರುತ್ತಾಳೆ. ಕೇರಿ ಇದನ್ನು ಹುಟ್ಟಿದಾಗಿನಿಂದ ನಂಬಿತ್ತು. ಹೀಗಾಗಿ ಎಮರ್ಜನ್ಸಿ ಮುಗಿದ ಮರುವರ್ಷದ ಆ ಬೇಸಿಗೆಯಲ್ಲಿ, ಹಳ್ಳ ಬತ್ತಿ ಎಮ್ಮೆ ಹೊರಳಾಡುವ ಗುಂಡಿಯ ನೀರನ್ನೇ ಸೋಸಿ ಕುಡಿದ ಕೇರಿ, ಸಪ್ಪಳವಿಲ್ಲದೆ ಸಾಯುತ್ತಿತ್ತು. ಕಟ್ಟೆಯ ಮೇಲೆ ಕುಳಿತವರಿಗೆ ಅದು ತಣ್ಣಗಿನ ವರ್ಷವಾಗಿತ್ತು.

ಗುಡಿಸಲಿನಲ್ಲಿ ಮಗಳು ಮರೆವ್ವ ಕೌದಿಯ ಮೇಲೆ ಬಿದ್ದಿದ್ದಳು. ಕಣ್ಣು ಒಳಗಿಳಿದು, ಎಳೆಯ ಮುಖ ಮುದುಕಿಯ ಮುಖವಾಗಿತ್ತು. ಹುಲಗಪ್ಪನ ಸಣ್ಣವ್ವ ಕೆಂಚವ್ವ ಅರಿವೆ ಅದ್ದಿ ಅವಳ ಬಾಯಿಗೆ ಹಿಂಡುತ್ತಿದ್ದಳು. ಹಿಂಡಿದ್ದೆಲ್ಲ ಹೊರಗೆ ಬರುತ್ತಿತ್ತು.

ಹುಲಗಪ್ಪ ಗೂಟದ ಮೇಲಿನ ಹಲಗಿ ಇಳಿಸಿದ. ಒಲೆಯ ಮುಂದೆ ಕುಳಿತು ಚರ್ಮ ಕಾಯಿಸತೊಡಗಿದ.

“ಏ ಹುಲಗ್ಯಾ! ಏನ್ ಮಾಡಾಕತ್ತೀಲೇ?”

“ಬಡೀತೀನಿ.”

“ತಾಯಿ ಇನ್ನಾ ಸೀಮಿ ದಾಟಿಲ್ಲ. ಒಬ್ಬ ಮಗಳು ಉಳದಾಳ, ಅಕಿನೂ ಕರದು ಕೊಡ್ತೀಯೇನು?”

“ಬಡದ್ರ ಎಣಸ್ತಾರಂತ. ಎಣಿಸಿದ್ರ ಜೀಪು ಬರತೈತಂತ.”

“ಅವ್ರ ಎಣಿಕಿಗೆ ಬೆಂಕಿ ಹಚ್ಚು!”

ಅವನು ಹೊರಗೆ ಬಂದು ಅಂಗಳದಲ್ಲಿ ನಿಂತು ಬಡಿದ. ಕೇರಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಯಾರೋ ಒಳಗಿನಿಂದಲೇ ಅವನ ವಂಶ ತೆಗೆದು ಬೈದರು. ಅವ್ವನಿಗೆ ಬಡಿದು ನಿಲ್ಲಿಸಿದ. ಹೆಂಡತಿಗೆ ಬಡಿದು ನಿಲ್ಲಿಸಿದ. ಪರಸ್ಯಾನಿಗೆ, ಅವನ ಹೆಂಡತಿಗೆ, ಮಕ್ಕಳಿಗೆ, ಆಚೆಯ ಮನೆಯ ಬಸುರಿ ಹೆಂಗಸಿಗೆ ಬೇರೆ ಬೇರೆಯಾಗಿ ಬಡಿದ. ಒಂದರ ಜೊತೆ ಇನ್ನೊಂದು ಕೂಡಿಕೊಳ್ಳಬಾರದೆಂದು ನಡುವೆ ಉಸಿರು ಹಿಡಿದು ಸುಮ್ಮನೆ ನಿಲ್ಲುತ್ತಿದ್ದ. ಎಲ್ಲರಿಗೂ ಅದೇ ಬಡಿತ. ಹೆಂಡತಿಯದು ಯಾವುದು, ಪರಸ್ಯಾನದು ಯಾವುದು ಎಂದು ಕೈಗೆ ತಿಳಿಯಲಿಲ್ಲ. ಅಳು ಬಂದೀತೇನೋ ಎಂದು ಕಾದ, ಬರಲಿಲ್ಲ.

ಮತ್ತೆ ಚಾವಡಿಗೆ ಹೋದಾಗ ಕೃಷ್ಣಾಜಿಯ ಮಗ್ಗುಲಲ್ಲಿ ಕಾಶಪ್ಪಗೌಡ ಲೋಡಿಗೆ ಒರಗಿದ್ದ.

“ಕೇಳಿಸ್ತು, ಕೇಳಿಸ್ತು,” ಎಂದ ಕೃಷ್ಣಾಜಿ. “ಒಂದ ಸಾವು.”

“ಒಂದಲ್ರಿ ಯಪ್ಪಾ. ನಿಲ್ಲಿಸಿ ನಿಲ್ಲಿಸಿ ಬಡದೇನ್ರಿ.”

“ನಡುವ ಬೀಡಿ ಸೇದಾಕ ನಿಂತಿದ್ದಿ ಅನಕೊಂಡೆ.”

ಗೌಡ ಹೊಟ್ಟೆ ಕುಣಿಸಿ ನಕ್ಕ. “ರಾಯರ, ಕಾಲರಾ ಗೀಲರಾ ಅಂತ ಬರದೀರಿ ಮತ್ತ. ಸಂತಿ ಬಂದ್ ಮಾಡ್ತಾರ. ಇಳಕಲ್‌ದಿಂದ ಎತ್ತಿನ ಯಾಪಾರಕ್ಕ ಬರೋ ಮಂದಿ ಈ ಕಡಿ ಮುಖಾನೂ ಹಾಕಂಗಿಲ್ಲ.”

“ನಾ ಏನು ಹುಚ್ಚೇನ್ರಿ, ಗೌಡ್ರ? ಮುಪ್ಪು ಅಂತ ಬರೀತೇನಿ.”

“ನನ್ನ ಹೇಂತಿಗೆ ಮುಪ್ಪಾಗಿರಲಿಲ್ರಿ,” ಎಂದ ಹುಲಗಪ್ಪ.

“ಮತ್ತ ಯಾರಿಗೆ ಆಗಿತ್ತು?”

“ನಮ್ಮವ್ವಗ.”

“ಆತಲ್ಲ. ನಿಮ್ಮವ್ವನ್ನ ಬರೀತೇನಿ. ನಡಿ.”

ಹುಲಗಪ್ಪ ನಡೆದ. ಸಿಟ್ಟು ಬರಬೇಕಾಗಿದ್ದ ಜಾಗದಲ್ಲಿ ಏನೂ ಇರಲಿಲ್ಲ, ಹಳ್ಳದ ಗುಂಡಿಯ ಹಾಗೆ ಬರೀ ರಾಡಿ.

ಜೀಪು ಮರುದಿನ ಬಂತು. ಕೇರಿಯ ಸಾವಿಗಲ್ಲ. ಗೌಡರ ಮೊಮ್ಮಗನಿಗೆ ರಾತ್ರಿ ಹೊಟ್ಟೆ ಕೆಟ್ಟಿತ್ತಂತೆ. ಬೆಳಕು ಹರಿಯುವ ಮೊದಲೇ ಆಳು ಸೈಕಲ್ ತುಳಿದುಕೊಂಡು ತಾಲೂಕಿಗೆ ಹೋಗಿದ್ದ. ಹೆಲ್ತ್ ಇನ್ಸ್‌ಪೆಕ್ಟರ್ ಜಲಾಲುದ್ದೀನ ಗೌಡರ ಓಣಿಯಲ್ಲಿ ಎಲ್ಲರಿಗೂ ಸೂಜಿ ಚುಚ್ಚಿದ. ಹುಡುಗನಿಗೆ ಸಲಾಯಿನ್ ಬಾಟಲಿ ಹಚ್ಚಿದ. ಊರ ಮೆಟ್ಟಿಲು ಬಾವಿಗೆ ಬಿಳಿ ಪುಡಿ ಸುರಿಸಿದ. ಹುಲಗಪ್ಪ ಮಗಳನ್ನು ಹೆಗಲಿಗೆ ಹಾಕಿಕೊಂಡು ಕೆಂಚವ್ವನೊಂದಿಗೆ ಚಾವಡಿಯ ಮುಂದೆ ಬಂದಾಗ ಜೀಪು ಹೊರಡುವುದರಲ್ಲಿತ್ತು.

“ಕೇರಿಯಾಗ ಹ್ಯಾಂಗೈತ್ರಿ, ರಾಯರ?” ಎಂದು ಜಲಾಲುದ್ದೀನ ಕೇಳುತ್ತಿದ್ದ.

“ಒಂದ ಮುಪ್ಪಿನ ಸಾವು. ಮತ್ತೇನೂ ಇಲ್ಲ.”

“ಇಲ್ಲಿ ನೋಡ್ರಿ ಸಾಹೇಬ್ರ,” ಎಂದ ಹುಲಗಪ್ಪ. “ಮಗಳ್ರಿ. ಇನ್ನಾ ಉಸರ ಐತಿ.”

ಜಲಾಲುದ್ದೀನ ಹುಡುಗಿಯ ಹೊಟ್ಟೆಯ ಚರ್ಮ ಚಿವುಟಿ ಎತ್ತಿದ. ಬಿಟ್ಟ ಮೇಲೂ ಅದು ಎದ್ದೇ ನಿಂತಿತು. ಅವನ ಮುಖ ಕಪ್ಪಾಯಿತು. ಇನ್ನೊಂದು ಬಾಟಲಿಗೆಂದು ಜೀಪಿನ ಕಡೆ ತಿರುಗಿದ.

“ಏ ಸಾಹೇಬಾ, ಅಕಿನ್ನ ಮುಟ್ಟಿದ ಕೈಲೆ ನನ್ನ ಮೊಮ್ಮಗನ ಬಾಟ್ಲಿ ಮುಟ್ತೀಯೇನು?” ಗೌಡನ ದನಿ ಚಾವಡಿಯಿಂದ ಬಂತು. “ರಾಯರ ಕಾಗದದಾಗ ಬ್ಯಾನಿ ಇಲ್ಲ. ಇಲ್ಲದ ಬ್ಯಾನಿಗೆ ಔಷಧ ಕೊಟ್ರ ಸರಕಾರಕ್ಕ ಏನ್ ಹೇಳ್ತಿ?”

“ಬರದುಕೊಟ್ರ ಹಚ್ತೀನಿ, ರಾಯರ,” ಎಂದ ಜಲಾಲುದ್ದೀನ.

ಕೃಷ್ಣಾಜಿ ಅಡಕೆ ಬಾಯಿಗೆ ಹಾಕಿಕೊಂಡ.

“ನನ್ನ ಕೈಯಾಗ ಏನೈತಿ, ಯವ್ವಾ,” ಎಂದು ಜಲಾಲುದ್ದೀನ ಕೆಂಚವ್ವನಿಗೆ ಹೇಳಿದ, ತನ್ನ ಬೂಟು ನೋಡುತ್ತ.

“ಕೈಯಾಗ ಏನೈತಾ?” ಕೆಂಚವ್ವ ಸೆರಗು ಸೊಂಟಕ್ಕೆ ಸಿಗಿಸಿದಳು. “ಎಮರ್ಜನ್ಸ್ಯಾಗ ಇದ ಜೀಪಿನ್ಯಾಗ ಬಂದು ನಮ್ಮ ಗುಡಸಲಾ ಹೊಕ್ಕು ಗಂಡಸರನ್ನ ಎಳಕೊಂಡು ಒಯ್ದು ಮಕ್ಕಳಾಗದಂಗ ಕೊಯ್ದ್ರಿ. ಆವಾಗ ಕೇರಿ ದಾರಿ ಚಲೋ ಗೊತ್ತಿತ್ತು. ತಲಿ ಎಣಸಾಕ ಬರತಿತ್ತು. ಹಲಗಿ ಬಡದಿದ್ವೇನು ಆವಾಗ? ಈಗ ಸತ್ತವ್ರನ್ನ ಎಣಸೂದು ಮರತೀರೇನು, ಭಾಡ್ಯಾಗೋಳಾ?”

“ಒದ್ದು ಹೊರಗ ಹಾಕ್ರಿ ಈ ಮುದಿ ಹಲ್ಕಟ್‌ನ!” ಗೌಡ ಎದ್ದ.

ಆಳುಗಳು ಕೆಂಚವ್ವನ ಕಡೆ ಬಂದರು. ಎಲ್ಲರೂ ಅವಳನ್ನು ನೋಡುತ್ತಿರುವಾಗ ಹುಲಗಪ್ಪ ಮಗಳನ್ನು ಹೆಗಲಿನಿಂದ ಎದೆಗೆ ಇಳಿಸಿಕೊಂಡು ಬಾವಿಯ ಕಡೆ ನಡೆದ. ಓಡಲಿಲ್ಲ. ಕೊಡ ತುಂಬುತ್ತಿದ್ದ ಹೆಂಗಸರು ಚೀರಿ ಮೇಲೆ ಹತ್ತಿದರು. ಮೆಟ್ಟಿಲಿನ ಮೇಲೆ ಒಂದು ಹಿತ್ತಾಳೆ ಕೊಡ ಉರುಳುತ್ತ ಕೆಳಗೆ ಹೋಯಿತು. ಅದರ ಹಿಂದೆಯೇ ಅವನು ಇಳಿದ.

ಕೊನೆಯ ಮೆಟ್ಟಿಲಿನ ಮೇಲೆ ನೀರು ಮೊಣಕಾಲಿಗೆ ಬಂತು. ಅಲ್ಲೇ ಕುಳಿತುಕೊಂಡ. ತಣ್ಣಗಿತ್ತು. ಇಷ್ಟು ವರ್ಷ ಈ ಬಾವಿಯ ಹೂಳು ತೆಗೆಯಲು ಅವನನ್ನೇ ಇಳಿಸುತ್ತಿದ್ದರು. ಮುಗಿದ ಮೇಲೆ ಪುರೋಹಿತನನ್ನು ಕರೆದು ಶುದ್ಧ ಮಾಡಿಸುತ್ತಿದ್ದರು. ಬಿಳಿ ಪುಡಿಯನ್ನು ಅಂಗೈಯಿಂದ ಸರಿಸಿ, ಬೊಗಸೆ ತುಂಬಿ ಮಗಳ ತುಟಿಗೆ ಹಿಡಿದ.

ಮೇಲೆ ಬಾವಿಯ ಸುತ್ತ ತಲೆಗಳು ಸೇರಿದವು. ಒಬ್ಬ ಕಲ್ಲು ಎತ್ತಿದ. “ಒಗೀಬ್ಯಾಡೋ, ಹೆಣ ನೀರಾಗ ಬಿದ್ರ ಏನ್ ಕುಡಿತೀರಿ?” ಎಂದು ಯಾರೋ ಅವನ ಕೈ ಹಿಡಿದರು.

“ಮ್ಯಾಲ ಬಾರಲೇ, ಹೊಲ್ಯಾ! ಊರ ನೀರು ಕೆಡಸ್ತಿಯೇನ್ಲೇ!”

“ಸೂಜಿ ತಗೊಂಡು ಕೆಳಗ ಬರ್ರಿ,” ಎಂದ ಹುಲಗಪ್ಪ. ಬಾವಿಯ ಗೋಡೆ ಅವನ ಮಾತನ್ನು ದೊಡ್ಡದು ಮಾಡಿ ಮೇಲೆ ಕಳಿಸಿತು. “ಬಾಟ್ಲಿ ತರ್ರಿ. ಅಲ್ಲೀತನಾ ನಾ ಏಳಾಂಗಿಲ್ಲ.”

ಬಿಸಿಲು ನೆತ್ತಿಗೆ ಬಂತು. ಹೆಂಗಸರ ಕೊಡಗಳು ಬರಿದಾಗಿ ಸಾಲಾಗಿ ನಿಂತಿದ್ದವು. ಗೌಡರ ಮನೆಯಿಂದ ನೀರು ಕೇಳಿಕೊಂಡು ಆಳು ಬಂದು ಹಾಗೆಯೇ ತಿರುಗಿ ಹೋದ. ಹುಲಗಪ್ಪನ ತೋಳಿನಲ್ಲಿ ಮರೆವ್ವನ ಗಂಟಲು ಒಮ್ಮೆ ಅಲುಗಿದಂತಾಯಿತು. ಅವಳು ನುಂಗಿದಳೋ, ನೀರೇ ಅಲುಗಿತೋ ತಿಳಿಯಲಿಲ್ಲ. ಅವನು ಮತ್ತೆ ಬೊಗಸೆ ತುಂಬಿದ.

ಮೇಲಿನ ಮೊದಲ ಮೆಟ್ಟಿಲಿನಲ್ಲಿ ಜಲಾಲುದ್ದೀನ ಬಾಟಲಿ ಹಿಡಿದು ನಿಂತಿದ್ದ. ಅವನ ಒಂದು ಬೂಟು ಎರಡನೆಯ ಮೆಟ್ಟಿಲಿಗೆಂದು ಎದ್ದಿತ್ತು. ಹಿಂದಿನಿಂದ ಯಾರೋ ಅವನ ಅಂಗಿ ಹಿಡಿದಿದ್ದರು.