ಗಂಗವ್ವನ ಗೂಡು

ಗುಂಡ್ಲುಪೇಟೆ ತಾಲ್ಲೂಕಿನ ಕೆಲವು ಬಾವಿಗಳ ನೀರು ಏಕೆ ಸಿಹಿ ಎಂಬುದಕ್ಕೆ ಊರಿಗೊಂದು ಕಥೆಯಿದೆ. ಒಂದರಲ್ಲಿ ದಣಿದ ಜಂಗಮನೊಬ್ಬ ತನ್ನ ಕಮಂಡಲದ ಕೊನೆಯ ಗುಟುಕನ್ನು ಬಂಡೆಯ ಮೇಲೆ ಚೆಲ್ಲುತ್ತಾನೆ. ಇನ್ನೊಂದರಲ್ಲಿ ಬಾಣಂತಿಯೊಬ್ಬಳ ಎದೆಹಾಲು ನೆಲಕ್ಕೆ ಬೀಳುತ್ತದೆ. ಅಂಥ ಕಥೆಗಳನ್ನು ಬರೆದುಕೊಳ್ಳಲು ಬೇಗೂರಿಗೆ ಹೋಗಿದ್ದೆ. ಬಸ್ಸು ನಿಲ್ಲುವ ಕಡೆ ಹೂ ಕಟ್ಟಿ ಮಾರುವ ಮಲ್ಲಾಜಮ್ಮ, ಕೈಯಲ್ಲಿದ್ದ ನಾರನ್ನು ಬಿಡದೆಯೇ, "ಅಷ್ಟು ಅಳೇ ಕತೆ ಯಾಕ ಸಾ? ಓದೊರ್ಸದ್ ಕತೆಯೇ ಅದ, ಕೂತ್ಕಂಡು ಕೇಳಿ" ಎಂದಳು. ಅವಳು ಹೇಳಿದ್ದನ್ನು ಆಮೇಲೆ ಆ ಕಥೆಯವಳೇ ಆದ ಚಿಕ್ಕಮಾದಮ್ಮನ ಮನೆಗೇ ಹೋಗಿ ಕೇಳಿ ಸರಿನೋಡಿಕೊಂಡೆ. ಇಬ್ಬರ ಮಾತು ಬೇರೆಯಾದ ಕಡೆ ಎರಡನ್ನೂ ಇಟ್ಟಿದ್ದೇನೆ.

ಚಿಕ್ಕಮಾದಮ್ಮನ ಗಂಡ ರಾಚಯ್ಯ ಹೆದ್ದಾರಿಯ ಪಕ್ಕದಲ್ಲಿ ಗೋಲಿ ಸೋಡಾ ಮಾಡಿ ಮಾರುತ್ತಿದ್ದ. ಊರ ಹಿಂದಿನ ಒಂದೂವರೆ ಎಕರೆಯಲ್ಲಿ ಅರಿಸಿನ, ಸಣ್ಣ ಈರುಳ್ಳಿ. ಅದರ ಮೂಲೆಯಲ್ಲಿ ಅವನ ತಾತನ ಕಾಲದ ಕಲ್ಲುಕಟ್ಟಿನ ಬಾವಿ. ಸೋಡಾಕ್ಕೆ ಆ ಬಾವಿಯದೇ ನೀರು. ಪುಣಜನೂರಿನ ಕಡೆಯಿಂದ ಸೊಗದೆ ಬೇರು ತಂದು, ಕುಟ್ಟಿ, ಬೇಯಿಸಿ, ಸಕ್ಕರೆ ಪಾಕ ಮಾಡಿಡುತ್ತಿದ್ದ. ಗ್ಲಾಸಿಗೆ ಎರಡು ಬೆರಳು ಪಾಕ, ಅರ್ಧ ನಿಂಬೆಹಣ್ಣು, ಮೇಲೆ ಸೋಡಾ. ಕೇರಳದ ಬಸ್ಸಿನವರು ಇಳಿದು ಕುಡಿದು, ಮತ್ತೊಂದು ಕೇಳುತ್ತಿದ್ದರು. ಬೇರೆಯವರೂ ಅದೇ ಬೇರು ತಂದು ಮಾಡಿ ನೋಡಿದರು. ಆ ರುಚಿ ಬರಲಿಲ್ಲ. ಬಾವಿಯ ಗುಣ ಎಂದು ಊರು ತೀರ್ಮಾನಿಸಿತು.

ರಾಚಯ್ಯ ಮಾತಿನವನಲ್ಲ. "ದಿನಕ್ಕ ಇಷ್ಟೇ ಅಂತ ಎಣ್ಸಿ ಮಡಿಕಂಡಿದ್ದ, ಅದ್ರಲ್ಲೂ ಅರ್ಧ ಗಿರಾಕಿಗೆ ಓಗ್ಬುಡದು" ಎಂದು ಚಿಕ್ಕಮಾದಮ್ಮನೇ ನಕ್ಕಳು. ನಾಲ್ಕು ವರ್ಷದ ಕೆಳಗೆ ಒಂದು ಬೆಳಿಗ್ಗೆ ಸೋಡಾ ಯಂತ್ರದ ಹಿಡಿ ತಿರುಗಿಸುತ್ತಿದ್ದವನು ಹಾಗೆಯೇ ಕುಸಿದು ಕುಳಿತ. ಗುಂಡ್ಲುಪೇಟೆಯ ಆಸ್ಪತ್ರೆ ಮುಟ್ಟುವುದರೊಳಗೆ ಉಸಿರಿರಲಿಲ್ಲ. ಹನ್ನೊಂದರ ಕಾರ್ಯ ಮುಗಿದ ಮಾರನೆಯ ದಿನ ಚಿಕ್ಕಮಾದಮ್ಮ ಅಂಗಡಿಯ ಹಲಗೆ ತೆಗೆದಳು. ಅಂದಿನಿಂದ ಒಂದು ನೇಮವಾಯಿತು: ದಿನದ ಮೊದಲ ಬಾಟಲಿಯನ್ನು ಗಿರಾಕಿಗೆ ಕೊಡದೆ ತಾನೇ ಒಡೆದು ಕುಡಿಯುವುದು. ಗೋಲಿ ಒಳಗೆ ಬಿದ್ದು ಗಾಳಿ ಸುಯ್ಯೆಂದಾಗ ಅವನು ಪಕ್ಕದಲ್ಲಿ ನಿಂತು ಉಸಿರು ಬಿಟ್ಟ ಹಾಗೆ ಆಗುತ್ತಿತ್ತೆಂದು ಹೇಳಿದಳು. ಅವನ ಮುಖ ಕೆಲವು ದಿನ ನೆನಪಿಗೆ ಸರಿಯಾಗಿ ಬರುತ್ತಿರಲಿಲ್ಲವಂತೆ. ಆ ರುಚಿ ಮಾತ್ರ ಒಂದು ದಿನವೂ ತಪ್ಪಲಿಲ್ಲ.

ಕಳೆದ ವರ್ಷ, ಶ್ರಾವಣ ಕಳೆಯುತ್ತಿದ್ದ ಹಾಗೆ, ಚಾಮರಾಜನಗರದಿಂದ ಆಹಾರ ಸುರಕ್ಷತೆಯ ಅಧಿಕಾರಿ ಸುಧಾಕರ್ ಬಂದರು. ಹೆದ್ದಾರಿಯುದ್ದಕ್ಕೂ ಎಲ್ಲ ಅಂಗಡಿಗಳ ಪಾನೀಯಗಳ ಮಾದರಿ ತೆಗೆಯುತ್ತಿದ್ದರು. ಇವಳ ಅಂಗಡಿಯಲ್ಲೂ ಸೋಡಾ ತೆಗೆದು, ನಾಲ್ಕು ಭಾಗ ಮಾಡಿ, ಕಾಗದ ಸುತ್ತಿ, ದಾರ ಕಟ್ಟಿ, ಅರಗಿನ ಮುದ್ರೆ ಒತ್ತಿದರು.

"ಯಾನ ಸಾ, ಸೋಡಾ ಬುಡ್ಡಿಗೆಲ್ಲಾ ಮುದ್ರೆ ಒತ್ಬುಟ್ರಿ! ನಮ್ಮ ಜಮೀನಿನ್ ಕಾಗ್ದಕ್ಕೂ ಯಾರೂ ಇಷ್ಟು ಮರ್ವಾದಿ ಕೊಟ್ಟಿರ್ನಿಲ್ಲ" ಎಂದಳು ಚಿಕ್ಕಮಾದಮ್ಮ.

ಹೂವಿನ ಬುಟ್ಟಿಯ ಹಿಂದಿನಿಂದ ಮಲ್ಲಾಜಮ್ಮ, "ಕಟ್ಕಂಡು ಓದ್ರೆ ಯಂಗೆ ಗೊತ್ತಾದದು ಸಾ? ಕುಡ್ದು ನೋಡಿ" ಎಂದಳು. ಸುಧಾಕರ್ ನಕ್ಕು, ಕಾಸು ಕೊಟ್ಟು, ಒಂದು ಗ್ಲಾಸು ಕುಡಿದರು.

ಹದಿನೈದು ದಿನ ಕಳೆದು ಅವರು ಮತ್ತೆ ಬಂದಾಗ ಕೈಯಲ್ಲಿ ವರದಿಯಿತ್ತು. ಸೋಡಾದಲ್ಲಿ ಬೆಳೆಗೆ ಹೊಡೆಯುವ ಔಷಧಿಯ ಅಂಶ ಮಿತಿಗಿಂತ ಬಹಳ ಹೆಚ್ಚಾಗಿದೆ. ಸಕ್ಕರೆಯಲ್ಲಿಲ್ಲ, ಬೇರಿನಲ್ಲಿಲ್ಲ, ನೀರಿನಲ್ಲಿದೆ. ಬಾವಿಯ ನೀರನ್ನು ಇನ್ನು ಬಳಸಕೂಡದು.

"ನೀವೂ ಕುಡುದ್ರಲ್ಲ ಸಾ ಅವತ್ತು?"

"ಕುಡಿದೆನಮ್ಮ. ಚೆನ್ನಾಗಿತ್ತು."

"ಚೆನ್ನಾಗಿರದ್ನ ಯಾಕ ಬುಡುಸ್ತೀರಿ ಮತ್ತ?"

"ನಾಲಿಗೆಗೆ ಅದು ಗೊತ್ತಾಗಲ್ಲ, ಅದೇ ಕಷ್ಟ. ಒಂದು ಕೆರೆ ನೀರಿಗೆ ಒಂದು ಚಿಟಿಕೆ ಹಾಕಿದಷ್ಟಿದ್ದರೂ ಸಾಕು, ಮಿತಿ ಮುಟ್ಟುತ್ತೆ. ಒಂದು ದಿನ ಕುಡಿದವರಿಗೆ ಏನೂ ಆಗಲ್ಲ. ದಿನಾ ಕುಡಿಯೋರಿಗೆ, ಬಸುರಿಯರಿಗೆ, ಮಕ್ಕಳಿಗೆ ಒಳ್ಳೇದಲ್ಲ."

"ದೊಡ್ಡ ಕಂಪ್ನಿ ಬಾಟ್ಲಲ್ಲೂ ಔಸ್ದಿ ಸಿಕ್ಕಿತ್ತು ಅಂತ ಇಂದ್ಕ ಪೇಪರ್ನಲ್ಲಿ ಬಂದಿತ್ತಲ್ಲ. ಅವ್ರ ಬಾವಿಯೂ ಮುಚ್ಚುಸುದ್ರಾ?"

ಸುಧಾಕರ್ ವರದಿಯಲ್ಲಿದ್ದ ಮಿತಿಯ ಅಂಕಿಯ ಮೇಲೆ ಬೆರಳಿಟ್ಟು ತೋರಿಸಿದರು. "ಈ ಮಿತಿ ಅನ್ನೋದು ಬಂದಿದ್ದೇ ಆ ಗಲಾಟೆಯಿಂದಮ್ಮ. ಅವರಿಗೂ ಇದೇ, ನಿಮಗೂ ಇದೇ" ಎಂದು, ಇಷ್ಟು ಔಷಧಿ ಈ ಬಾವಿಗೆ ಎಲ್ಲಿಂದ ಬಂತೆಂದು ಕೇಳಿದರು. ಪಕ್ಕದ ಚೆಂಡುಹೂವಿನ ಹೊಲ ಬಾವಿಗಿಂತ ತಗ್ಗಿನಲ್ಲಿತ್ತು, ಅಲ್ಲಿಂದ ಹರಿದು ಬರುವಂತಿರಲಿಲ್ಲ; ಉಳಿದದ್ದು ರಾಚಯ್ಯನ ಹೊಲವೇ. ಚಿಕ್ಕಮಾದಮ್ಮನಿಗೆ ಸಿಟ್ಟು ಬಂತು. "ನಮ್ಮೋರು ಔಸ್ದಿ ಡಬ್ಬವ ಮನೆ ಒಸ್ಲು ದಾಟುಸ್ತಿರ್ನಿಲ್ಲ ಸಾ. ಅರಿಸಿಣುಕ್ಕ ಒಡೆದು ಬಂದ್ರ ಮೈ ತೊಳ್ದೇ ಒಳೀಕ್ ಬರರು. ಅಂತೋರ ಬಾವಿಗ ಇಲ್ಲದ್ದ ಅಂಟುಸ್ಬೇಡಿ."

ಅಂಗಡಿಯಲ್ಲಿದ್ದ ಬಾಟಲಿಗಳನ್ನೆಲ್ಲ ಅವರ ಎದುರೇ ಖಾಲಿ ಮಾಡಿಸಲಾಯಿತು. ಮನೆಯಲ್ಲಿ ರಾಗಿ ತುಂಬಿಡುವ ಮಣ್ಣಿನ ವಾಡೆಯ ಒಳಗೆ ಅವಳು ಒಂದು ಬಾಟಲಿಯನ್ನು ಮುಚ್ಚಿಟ್ಟಿದ್ದಳು, ಅದನ್ನು ಹೇಳಲಿಲ್ಲ.

ಮುಚ್ಚಿಟ್ಟದ್ದು ಹಿರಿಯರ ಹಬ್ಬಕ್ಕೆ. ಮಹಾಲಯ ಅಮಾವಾಸ್ಯೆಯ ಸಂಜೆ ಈ ಕಡೆಯ ಮನೆಗಳಲ್ಲಿ ತೀರಿಕೊಂಡವರಿಗೆ ಎಡೆ ಇಡುತ್ತಾರೆ. ಬದುಕಿದ್ದಾಗ ಅವರು ಏನನ್ನು ಇಷ್ಟಪಡುತ್ತಿದ್ದರೋ ಅದೇ ಇರಬೇಕು. ಎಲೆಯಡಿಕೆಯಾದರೂ ಸರಿ, ಬೀಡಿಯಾದರೂ ಸರಿ. ಎಡೆಯಿಟ್ಟ ಮೇಲೆ ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಂದಕ್ಕೆಳೆದು ಕೂರುತ್ತಾರೆ. ಹಿರಿಯರು ನಾಚಿಕೆಯಿಲ್ಲದೆ ಉಣ್ಣಲಿ ಎಂದು. ಮತ್ತೆ ಒಳಗೆ ಹೋಗುವಾಗ ಮೂರು ಸಲ ಕೆಮ್ಮಬೇಕು. ಆಮೇಲೆ ಎಡೆಯಲ್ಲಿರುವುದನ್ನೆಲ್ಲ ಮನೆಮಂದಿ ಹಂಚಿಕೊಂಡು ತಿನ್ನಬೇಕು, ಒಂದಗುಳೂ ಮಿಗಿಸುವಂತಿಲ್ಲ. ಮಿಗಿಸಿದರೆ ಬಂದವರನ್ನು ಅವಮಾನಿಸಿದ ಹಾಗೆ. ಮೊದಲ ಪಾಲು ಹಿರಿಯ ಮಗುವಿಗೆ.

ರಾಚಯ್ಯನಿಗೆ ಹಿರಿಯ ಮಗುವೂ ಕಿರಿಯ ಮಗುವೂ ಪುಟ್ಟಿ ಒಬ್ಬಳೇ. ಆಗ ಅವಳು ಏಳು ತಿಂಗಳ ಬಸುರಿ, ಹೆರಿಗೆಗೆಂದು ತವರಿಗೆ ಬಂದಿದ್ದಳು. ವಾಡೆಯಲ್ಲಿ ರಾಗಿ ತೆಗೆಯುವಾಗ ಬಾಟಲಿ ಅವಳ ಕೈಗೇ ಸಿಕ್ಕಿತು.

"ಅವ್ವ, ಎಡೆಗ ಮಡುಗೋಳು ನೀನು. ಕುಡಿಯೋಳು ನಾನು ಕಣವ್ವ."

"ಒಂದ್ ಗುಟುಕು ಕಣಮ್ಮಿ. ಒಂದ್ ದಿನ ಕುಡುದ್ರ ಯಾನೂ ಆಗಲ್ಲ ಅಂತ ಆ ಸಾಯೇಬ್ರೇ ಅಂದ್ರು."

"ಬಸ್ರೀರ್ಗ ಬ್ಯಾಡ ಅಂತ್ಲೂ ಅಂದ್ರಲ್ಲ. ಅದ್ಯಾಕ ನಿನ್ ಕಿವಿಗ ಬೀಳ್ನಿಲ್ಲ? ಪಿಲ್ಟ್ರು ನೀರ್ಲಿ ಮಾಡಿ ಮಡುಗು."

ಫಿಲ್ಟರ್ ನೀರು ತಂದು ಅವಳು ಮಾಡಿ ನೋಡಿದಳು. ಅದೇ ಬೇರು, ಅದೇ ಯಂತ್ರ, ಅದೇ ಕೈ. ಕುಡಿದರೆ ಯಾರೋ ಅಪರಿಚಿತರ ಮನೆಯ ನೀರು. "ಮೂರೊರ್ಸ ದಿನಾ ಬೆಳಿಗ್ಗೆ ಬಂದೋನು ಅವತ್ತು ಬರ್ನಿಲ್ಲ" ಎಂದು ಈ ಭಾಗವನ್ನು ಹೇಳುವಾಗ ಚಿಕ್ಕಮಾದಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಈ ಸಪ್ಪೆ ಸೋಡಾ ಇಟ್ಟರೆ ಅವನು ಹೊಸ್ತಿಲಿನಿಂದಲೇ ಹಿಂದಿರುಗುತ್ತಾನೆಂಬ ಭಯ. ಹಳೆಯದನ್ನಿಟ್ಟರೆ ಮಗಳ ಹೊಟ್ಟೆ.

ಅವಳಿಗೆ ಹೊಳೆದ ದಾರಿ ಬಾವಿಯನ್ನು ತೊಳೆಸುವುದು. ಹಳೆಯ ನೀರು ತೆಗೆದು, ಹೂಳೆತ್ತಿಸಿದರೆ ಹೊಸ ಒರತೆ ಬರುತ್ತದೆ. ಹಬ್ಬಕ್ಕೆ ಇನ್ನೂ ಆರು ದಿನ ಇತ್ತು. ಹೂಳೆತ್ತುವ ಗುರುಸ್ವಾಮಿಯನ್ನು ಕರೆಸಿದಳು. ಅವನು ರಾಚಯ್ಯನಿಗೆ ದೂರದ ವರಸೆಯಲ್ಲಿ ಭಾಮೈದ. ಪಂಪು ಹಾಕಿ ನೀರಿಳಿಸಿ, ಕಲ್ಲುಮೆಟ್ಟಿಲ ಮೇಲೆ ಕೆಳಗಿಳಿದ. ಮೋಟಾರು ಕೂರಿಸಿದ ಮೇಲೆ ಆ ಮೆಟ್ಟಿಲಿಗೆ ರಾಚಯ್ಯನ ಕಾಲಲ್ಲದೆ ಬೇರೆಯವರದು ತಗುಲಿರಲಿಲ್ಲ. ಚಿಕ್ಕಮಾದಮ್ಮ ಬೇವಿನ ಮರದ ಕೆಳಗೇ ನಿಂತಿದ್ದಳು. ಬಾವಿಗೆ ಬಗ್ಗಿ ನೋಡಿದರೆ ಅವಳಿಗೆ ಮೊದಲಿನಿಂದಲೂ ತಲೆಸುತ್ತು.

ಆ ಬಾವಿಯೊಳಗೆ, ಆಳಿನುದ್ದ ಕೆಳಗೆ, ಕಲ್ಲುಕಟ್ಟಿನಲ್ಲೊಂದು ಗೂಡಿದೆ. ಹಿಂದೆ ಹೆಂಗಸರು ಗಂಗೆಪೂಜೆಯ ದಿನ ಅಲ್ಲಿ ದೀಪ ಇಡಿಸುತ್ತಿದ್ದರು. ಗಂಗವ್ವನ ಗೂಡು ಎಂದೇ ಹೆಸರು. ಮಳೆ ಚೆನ್ನಾಗಿ ಆದ ವರ್ಷ ನೀರು ಅಲ್ಲಿಯವರೆಗೆ ಏರುತ್ತದೆ.

"ಅಕ್ಕೋ!" ಎಂದು ಗುರುಸ್ವಾಮಿ ಕೆಳಗಿನಿಂದ ಕೂಗಿದ. "ಗಂಗವ್ವನ ಗೂಡ್ನಲ್ಲಿ ಯಾನೋ ಗಂಟದ. ಸಿಕ್ಬುಡ್ತು ಕಣಕ್ಕ ಭಾವುನ್ ನಿಧಿ!"

"ಮೇಲ್ಕ ತತ್ತಾ, ಪಾಲು ಮಾಡ್ಕಳನ."

ಹಗ್ಗಕ್ಕೆ ಕಟ್ಟಿ ಮೇಲೆ ಕಳಿಸಿದ ಗೋಣಿಗಂಟು ಬಿಚ್ಚಿದಾಗ ಇಬ್ಬರ ನಗುವೂ ನಿಂತಿತು. ಔಷಧಿ ಡಬ್ಬಗಳು. ಆಮೇಲೆ ಇನ್ನೊಂದು ಗಂಟು, ಮತ್ತೊಂದು. ಚಿಕ್ಕಮಾದಮ್ಮ ಒಟ್ಟು ಡಬ್ಬ ಹನ್ನೊಂದೆಂದಳು, ಮಲ್ಲಾಜಮ್ಮ ಇಪ್ಪತ್ತಕ್ಕೆ ಕಡಿಮೆಯಿಲ್ಲವೆಂದಳು. ಗುರುಸ್ವಾಮಿಯನ್ನು ಕೇಳಿದೆ, ಹನ್ನೊಂದೇ. ಏಳರ ತಳ ತುಕ್ಕು ತಿಂದು ತೂತಾಗಿತ್ತು. ಉರುಳದ ಹಾಗೆ ಒಂದೊಂದು ಗಂಟಿಗೂ ಪಕ್ಕದಲ್ಲಿ ಕಲ್ಲು ಕೊಟ್ಟು ರಾಚಯ್ಯ ಇಟ್ಟಿದ್ದನಂತೆ.

ಮೇಲೆ ಬಂದ ಗುರುಸ್ವಾಮಿ ಮೈ ಒರೆಸಿಕೊಳ್ಳುತ್ತ, "ಇಲ್ಯಾಕ ತಂದ್ ಮಡುಗ್ದ ಭಾವ? ಒಲದ್ ಬದೀಲಿ ಜಾಗ ಇರ್ನಿಲ್ವಾ? ಕುಡಿಯೋ ನೀರ್ಲಿ ಯಾರಾರ ಮಡುಗ್ತಾರಾ?" ಎಂದ.

ಅವಳು ಬಿಚ್ಚಿದ ಗೋಣಿಯನ್ನು ಡಬ್ಬಗಳ ಮೇಲೆ ಮತ್ತೆ ಎಳೆದಳು. ಆಮೇಲೆ, "ನಾನು ಇಳೀನಾರದ್ ಜಾಗ ಅಂದ್ರ ಇದೊಂದೇ ಕಣ್ಲಾ ಗುರುಸ್ವಾಮಿ" ಎಂದಳು.

ಹದಿನೈದು ವರ್ಷದ ಹಿಂದಿನ ಮಾತು. ಸಂಜೆಗೆ ಬರುತ್ತೇನೆಂದು ಬೇರು ತರಲು ಹೋದ ರಾಚಯ್ಯ ಮೂರನೆಯ ದಿನ ಬಂದಿದ್ದ. ಒಂದು ಸುದ್ದಿಯನ್ನೂ ಕಳಿಸಿರಲಿಲ್ಲ. ಊಟ ಬಿಟ್ಟು ಕಾದಿದ್ದ ಚಿಕ್ಕಮಾದಮ್ಮ ಅಟ್ಟದಿಂದ ಔಷಧಿ ಡಬ್ಬ ತೆಗೆದು, "ನಾನಿದ್ರೂ ಒಂದೇ ಸತ್ರೂ ಒಂದೇ ನಿಂಗ. ಇದ್ನೇ ಕುಡ್ದ್ಬುಡ್ತೀನಿ" ಎಂದಳು. ಅವನು ಡಬ್ಬವನ್ನು ಅವಳ ಕೈಯಿಂದ ಬಿಡಿಸಿಕೊಂಡು ಹೊರಗೆ ಹೋದ. ಗಳಿಗೆ ಬಿಟ್ಟು ಬಂದವನು, "ಮುದ್ದೆ ಇಕ್ಕು" ಎಂದ. ಅಷ್ಟೇ. ಒಂದು ಬೈಗುಳವಿಲ್ಲ, ಒಂದು ಸಮಾಧಾನವಿಲ್ಲ. ಆಡಿದ್ದು ಅವನಿಗೆ ತಾಕಲೇ ಇಲ್ಲವೆಂದು ಅವಳು ತಿಳಿದಳು. ಅವನ ಕೊನೆಯ ದಿನದವರೆಗೂ ಹಾಗೆಯೇ ತಿಳಿದಿದ್ದಳು. ಅಂದಿನಿಂದ ಒಂದು ಡಬ್ಬವೂ ಮನೆಗೆ ಬಾರದೆ ಹೋದದ್ದು ಶುಚಿತ್ವಕ್ಕೆಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಆಮೇಲೆ ಅವಳೇ ಪುಟ್ಟಿಯಿಂದ ಸುಧಾಕರ್ ಅವರಿಗೆ ಫೋನು ಮಾಡಿಸಿದಳು. ಅವರು ಬಂದು ಡಬ್ಬಗಳನ್ನು ನೋಡಿ, ಫೋಟೊ ತೆಗೆದು, ಪ್ರತ್ಯೇಕ ಚೀಲದಲ್ಲಿ ಕಟ್ಟಿಸಿದರು. ಬಾವಿ ತೊಳೆದ ಮಾತ್ರಕ್ಕೆ ಆಗದು, ಮಣ್ಣಿಗೂ ಇಳಿದಿರುತ್ತದೆ. ಮಳೆಗಾಲ ಕಳೆದ ಮೇಲೆ ಪುನಃ ಪರೀಕ್ಷೆ ಮಾಡೋಣ, ಅಲ್ಲಿಯವರೆಗೆ ಬೇಡ ಎಂದರು. ರಾಚಯ್ಯನ ಸಾವಿಗೂ ಈ ನೀರಿಗೂ ಸಂಬಂಧವಿತ್ತೇ ಎಂದು ಅವಳು ಕೇಳಿದಳು. "ಅದನ್ನ ಹೇಳೋಕೆ ನನ್ನ ಹತ್ತಿರ ಏನೂ ಇಲ್ಲಮ್ಮ" ಎಂದರು.

"ಬೇಕಂತ ಮಾಡಿದ್ದಲ್ಲ ಸಾ. ಕಾಗ್ದದಲ್ಲಿ ಅಂಗ ಬರೀರಿ."

"ಕಾಗದದಲ್ಲಿ ಅದಕ್ಕೆ ಜಾಗ ಇಲ್ಲಮ್ಮ."

ಅವಳು ಒಳಗೆ ಹೋದಳು. ರಾಗಿಯ ಧೂಳು ಮೆತ್ತಿದ ಬಾಟಲಿಯನ್ನು ತಂದು ಜೀಪಿನ ಹತ್ತಿರ ನಿಂತು, "ಇದೂ ಒಂದದ ಸಾ" ಎಂದು ಕೊಟ್ಟಳು. ಕೊಡುವ ಮೊದಲು ಕಿವಿಯ ಹತ್ತಿರ ಹಿಡಿದು ಅಲುಗಿಸಿದಳೆಂದು ಮಲ್ಲಾಜಮ್ಮ ಹೇಳುತ್ತಾಳೆ. ಚಿಕ್ಕಮಾದಮ್ಮ ಅದನ್ನು ಒಪ್ಪಲಿಲ್ಲ, ಅಲ್ಲಗಳೆಯಲೂ ಇಲ್ಲ.

ಅಮಾವಾಸ್ಯೆಯ ಸಂಜೆ ಎಡೆಯಿಟ್ಟಳು. ಅನ್ನ, ಹುರುಳಿಕಾಳಿನ ಸಾರು, ಕಜ್ಜಾಯ, ಎಲೆಯಡಿಕೆ. ಬದಿಯಲ್ಲಿ ಫಿಲ್ಟರ್ ನೀರಿನ ಸೋಡಾ, ಪಾಕ ಬೆರೆಸಿ, ನಿಂಬೆ ಹಿಂಡಿ. ಧೂಪ ಹಾಕಿ, ಬಾಗಿಲು ಮುಂದಕ್ಕೆಳೆದು ತಾಯಿಮಗಳು ಜಗಲಿಯ ಮೇಲೆ ಕುಳಿತರು. ನೋಡಲು ಬಂದ ಮಲ್ಲಾಜಮ್ಮನೂ ಮೆಟ್ಟಿಲ ಮೇಲೆ ಕುಳಿತಳು. ಒಂದು ಎಲೆಯಡಿಕೆ ಹಾಕಿ ಉಗಿಯುವಷ್ಟು ಹೊತ್ತು ಕೂರುವುದು ವಾಡಿಕೆ. ಅಷ್ಟು ಹೊತ್ತು ಕಳೆಯಿತು. ಅದರ ಎರಡರಷ್ಟೂ ಕಳೆಯಿತು. ಬೀದಿಯ ಬೇರೆ ಮನೆಗಳ ಬಾಗಿಲು ತೆರೆದು ಊಟದ ಸದ್ದು ಕೇಳತೊಡಗಿತು.

"ಅವ್ವ, ಸಾಕು ಕೆಮ್ಮು. ಒಟ್ಟೆ ಅಸೀತದ, ಒಳಗಿರೋದೂ ಒದೀತದ" ಎಂದಳು ಪುಟ್ಟಿ.

"ತಡಿಯಮ್ಮಿ."

"ಇನ್ನೆಷ್ಟೊತ್ತು? ಅಪ್ಪ ಉಂಡು ಎದ್ದಿರ್ತಾನ."

"ಉಂಡಿರ್ತಾನ. ಸೋಡಾ ಸಪ್ಪಗದ ಅಂತ ಇವತ್ತು ಅನ್ಲೇಬೇಕಲ್ಲ" ಎಂದಳು ಚಿಕ್ಕಮಾದಮ್ಮ, ಬಾಗಿಲಿನ ಕಡೆಗೆ ತಿರುಗಿ ಕುಳಿತು. "ಬಾಯ್ಬುಟ್ಟು ಒಂದ್ ಮಾತಾಡಾಕ ನಿಮ್ಮಪ್ಪುನ್ಗ ವತ್ತಾಯ್ತದ. ಕಾಯನ, ಇನ್ನೊಂಚೂರು."