ಎದುರಂಗಡಿಯ ಈರುಳ್ಳಿ ಬನ್ನು

ಲುಬ್ಲಿನ್ ನಗರದ ಕಡೆಯ ನಮ್ಮ ಸಣ್ಣ ಊರಿನಲ್ಲಿ ಎದುರುಬದುರಾಗಿ ಎರಡು ಬೇಕರಿಗಳಿವೆ. ಒಂದು ರೆಗಿನಾಳದು, ಇಪ್ಪತ್ತು ವರ್ಷ ಹಳೆಯದು. ಇನ್ನೊಂದು ಝಿತಾಳದು, ಕಳೆದ ವಸಂತದಲ್ಲಿ ಶುರುವಾದದ್ದು. ಈರುಳ್ಳಿ ಬನ್ನು ಇಬ್ಬರೂ ಮಾಡುತ್ತಾರೆ. ಆದರೆ ಬೆಳಗ್ಗೆ ಏಳಕ್ಕೆ ಸಾಲು ನಿಲ್ಲುವುದು ಝಿತಾಳ ಅಂಗಡಿ ಮುಂದೆ. ರೆಗಿನಾ ತನ್ನ ಗಾಜಿನ ಹಿಂದೆ ನಿಂತು ತಲೆ ಎಣಿಸುತ್ತಾಳೆ.

ರೆಗಿನಾ ನನ್ನ ಜೊತೆ ಶಾಲೆಯಲ್ಲಿ ಓದಿದವಳು. ನಾನು ಟೆಕ್ಲಾ, ಊರಿನ ಗ್ರಂಥಾಲಯ ನೋಡಿಕೊಳ್ಳುತ್ತೇನೆ.

"ಹನ್ನೊಂದು ಜನ," ಅಂದಳು ಒಂದು ದಿನ, ನನ್ನ ಬ್ರೆಡ್ಡು ಕಟ್ಟುತ್ತಾ. "ಪೋಸ್ಟಾಫೀಸಿನವಳೂ ಅಲ್ಲೇ ನಿಂತಿದ್ದಾಳೆ. ಅವಳ ಮದುವೆಗೆ ಕೇಕ್ ಮಾಡಿಕೊಟ್ಟೋಳು ನಾನು ಕಣೇ."

ಕಪಾಟಿನ ಮೇಲೆ ರೇಡಿಯೋ ಮಾತಾಡುತ್ತಿತ್ತು. ಬೆಳಗಿನ ಕಾರ್ಯಕ್ರಮದವನು ಯಾರ ಹೆಸರನ್ನೂ ಹೇಳುವುದಿಲ್ಲ. "ಅಂಗಡಿ, ಬ್ಯಾಂಕು, ಪತ್ರಿಕೆ ಎಲ್ಲಾ ಯಾರ ಕೈಯಲ್ಲಿದೆ ಅಂತ ನಿಮಗೇ ಗೊತ್ತು" ಅನ್ನುತ್ತಾನೆ. ಕೇಳುವವರು ತಲೆಯಾಡಿಸುತ್ತಾರೆ.

"ಈ ಝಿತಾನೂ ಅವರ ಪೈಕಿನೇ ಇರಬೇಕು," ಅಂದಳು ರೆಗಿನಾ. "ಯಹೂದಿ. ಇಲ್ದಿದ್ರೆ ಆರೇ ತಿಂಗಳಲ್ಲಿ ಇಷ್ಟು ವ್ಯಾಪಾರ ಹ್ಯಾಗೆ?"

ನಾನು ಬ್ರೆಡ್ಡು ತೆಗೆದುಕೊಂಡು ಹೊರಟೆ. ಏನಾದರೂ ಹೇಳಬೇಕಿತ್ತು. ಹೇಳಲಿಲ್ಲ.

ಅದೇ ಮಾತನ್ನು ಅವಳು ಇನ್ನೂ ಮೂವರಿಗೆ ಹೇಳಿದಳು. ಅವರಿಂದ ಅದು ಊರಿನವರ ಮೊಬೈಲ್ ಗುಂಪಿಗೆ ಹೋಯಿತು. ಶನಿವಾರ ಬೆಳಗ್ಗೆ ಝಿತಾಳ ಅಂಗಡಿ ಗಾಜಿನ ಮೇಲೆ ಕಪ್ಪು ಬಣ್ಣದಲ್ಲಿ ಯಹೂದಿಗಳ ಗುರುತಾದ ಆರು ಮೂಲೆಯ ನಕ್ಷತ್ರ, ಅದರ ಕೆಳಗೆ "ತೊಲಗು". ಸೋಮವಾರ, ಅವಳಿಂದ ಮಕ್ಕಳಿಗೆ ಬನ್ನು ತರಿಸುತ್ತಿದ್ದ ಶಾಲೆಯವರು ಇನ್ನು ಬೇಡ ಎಂದರು. ಬುಧವಾರ ಝಿತಾ ಬಾಗಿಲಿಗೆ ಚೀಟಿ ಅಂಟಿಸಿದಳು: ತಿಂಗಳ ಕೊನೆಗೆ ಅಂಗಡಿ ಮುಚ್ಚುತ್ತೇವೆ.

ಗುರುವಾರ ರೆಗಿನಾ ಗ್ರಂಥಾಲಯಕ್ಕೆ ಬಂದಳು. ಕೋಟನ್ನೂ ಬಿಚ್ಚಲಿಲ್ಲ.

"ಪಾದ್ರಿಗಳ ಹತ್ರ ವಿಚಾರಿಸಿದೆ. ಝಿತಾ ಯಹೂದಿ ಅಲ್ವಂತೆ. ಅವಳ ಅಜ್ಜಿಗೂ ನಮ್ಮ ಚರ್ಚಲ್ಲೇ ದೀಕ್ಷಾಸ್ನಾನ ಆಗಿದೆಯಂತೆ. ಎಲ್ಲರಿಗೂ ಹೇಳಿಬಿಡ್ತೀನಿ, ಅಲ್ಲಿಗೆ ಮುಗೀತು."

"ಯಹೂದಿನೇ ಆಗಿದ್ರೆ?"

"ಆಗಿದ್ರೆ ಅಂದ್ರೆ?"

"ಗಾಜಿಗೆ ಬಣ್ಣ ಬಳಿದದ್ದು ಸರಿಯಾಗ್ತಿತ್ತಾ?"

ರೆಗಿನಾ ಕುರ್ಚಿ ಎಳೆದು ಕೂತಳು. "ಬಳೀರಿ ಅಂತ ನಾನು ಹೇಳಿದ್ನಾ? ರೇಡಿಯೋದಲ್ಲಿ ದಿನಾ ಹೇಳ್ತಾರೆ. ಸುಮ್ಮಸುಮ್ಮನೆ ಹೇಳ್ತಾರಾ?"

"ಇವತ್ತಿನವರೆಗೆ ಒಂದು ಹೆಸರು ಹೇಳಿದ್ದಾರಾ?"

"ಹೆಸರು... ಅವರು ಅಂತಾರೆ."

"ನಮ್ಮೂರಲ್ಲಿ ಯಹೂದಿಗಳು ಎಷ್ಟು ಜನ ಇದ್ದಾರೆ, ಹೇಳು."

ಎರಡನೇ ಮಹಾಯುದ್ಧಕ್ಕೆ ಮೊದಲು ಊರಿನ ಅರ್ಧ ಜನ ಯಹೂದಿಗಳು. ಜರ್ಮನ್ನರು ಅವರನ್ನು ಕರೆದೊಯ್ದು ಕೊಂದರು. ಈರುಳ್ಳಿ ಬನ್ನನ್ನು ನಮ್ಮೂರಿಗೆ ಕಲಿಸಿದ ಬೇಕರಿಯವರೂ ಅವರಲ್ಲಿದ್ದರು. ಇದು ನಮ್ಮಿಬ್ಬರಿಗೂ ಗೊತ್ತು.

"ಯಾರೂ ಇಲ್ಲ," ಅಂದಳು ರೆಗಿನಾ.

"ಒಬ್ಬನಿದ್ದಾನೆ. ನಿನ್ನ ಅಂಗಡಿ ಬಾಗಿಲ ಮೇಲೆ."

ನಮ್ಮ ಕಡೆ ಅಂಗಡಿ ಬಾಗಿಲಲ್ಲಿ ಗಡ್ಡದ ಯಹೂದಿಯೊಬ್ಬ ನಾಣ್ಯ ಎಣಿಸುವ ಪಟ ಹಾಕುತ್ತಾರೆ, ದುಡ್ಡು ನಿಲ್ಲಲಿ ಅಂತ. ಶನಿವಾರ ಅದನ್ನು ತಲೆಕೆಳಗು ಮಾಡುತ್ತಾರೆ, ಅವನ ಜೇಬಿನದು ನಮ್ಮ ಮನೆಗೆ ಉದುರಲಿ ಅಂತ. ಚಿಕ್ಕಂದಿನಿಂದ ನೋಡಿದ್ದೇವೆ, ಯಾರಿಗೂ ಏನೂ ಅನ್ನಿಸುವುದಿಲ್ಲ.

"ಶನಿವಾರ ಅವನನ್ನ ತಲೆಕೆಳಗು ಮಾಡಿ ದುಡ್ಡು ಕೊಡು ಅಂತೀಯ. ಮಿಕ್ಕ ಆರು ದಿನ ಅವನೇ ದುಡ್ಡು ಕಸಿದ ಅಂತೀಯ. ಬದುಕಿರೋ ಯಹೂದಿ ಒಬ್ಬನ ಜೊತೆ ಮಾತಾಡಿಲ್ಲ ನೀನು, ನಾನೂ ಅಷ್ಟೇ. ನಿಜ ಹೇಳು ರೆಗಿನಾ, ನಿನಗೆ ತಿಳೀಬೇಕಿದ್ದದ್ದು ಏನು?"

ಅವಳು ಕೋಟಿನ ಗುಂಡಿ ತಿರುಗಿಸುತ್ತಾ ಕೂತಳು. ಆಮೇಲೆ ಹೇಳಿದಳು: "ಅವಳ ಈರುಳ್ಳಿ ಯಾಕೆ ಸೀದುಹೋಗಲ್ಲ, ಅಷ್ಟು ಸಿಹಿ ಎಲ್ಲಿಂದ ಬರುತ್ತೆ ಅಂತ. ಗುಟ್ಟಾಗಿ ತರಿಸಿ ತಿಂದಿದೀನಿ. ಹೊಟ್ಟೆ ಉರಿದುಹೋಯ್ತು."

"ಅದು ಹೊಟ್ಟೆಕಿಚ್ಚು. ಅದಕ್ಕೆ ಯಹೂದಿ ಯಾಕೆ ಬೇಕಿತ್ತು?"

"ಹೊಟ್ಟೆಕಿಚ್ಚು ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಗುತ್ತೆ ಕಣೇ. ಅವಳು ಯಹೂದಿ ಅಂತ ಹೇಳೋಕೆ ನಾಚಿಕೆ ಆಗಲ್ಲ."

"ನಾನೂ ಅವತ್ತು ಬಾಯಿಮುಚ್ಚಿಕೊಂಡು ಹೋದೆ. ನಾಳೆ ಬೆಳಗ್ಗೆ ಝಿತಾ ಹತ್ರ ಇಬ್ಬರೂ ಹೋಗೋಣ."

ಶುಕ್ರವಾರ ಬೆಳಗ್ಗೆ ಏಳಕ್ಕೆ ರೆಗಿನಾ ಬಕೆಟ್ಟು ಹಿಡಿದು ರಸ್ತೆ ದಾಟಿದಳು. ಝಿತಾಳ ಗಾಜಿನ ಮೇಲೆ ಬಣ್ಣ ಇನ್ನೂ ಪೂರ್ತಿ ಹೋಗಿರಲಿಲ್ಲ. ಸಾಲಿನಲ್ಲಿದ್ದವರು ನಾಲ್ಕೇ ಜನ.

"ಬಳಿದವರು ಯಾರೋ ಗೊತ್ತಿಲ್ಲ," ಅಂದಳು, ನಾಲ್ವರಿಗೂ ಕೇಳುವ ಹಾಗೆ. "ಮಾತು ಶುರು ಮಾಡಿದ್ದು ನಾನು. ಅವಳು ಯಹೂದಿ ಹೌದೋ ಅಲ್ವೋ, ಬನ್ನು ಕೊಳ್ಳೋಕೆ ಅದು ಯಾಕೆ ಬೇಕು? ಬನ್ನು ಚೆನ್ನಾಗಿದೆ, ನನಗೆ ಸಹಿಸೋಕಾಗಲಿಲ್ಲ. ಶಾಲೆಗೂ ಹೋಗಿ ಇದನ್ನೇ ಹೇಳ್ತೀನಿ."

ನಾನೂ ಒಂದು ಬಟ್ಟೆ ತೆಗೆದುಕೊಂಡೆ. ಝಿತಾ ಕೈಕಟ್ಟಿ ನೋಡುತ್ತಿದ್ದಳು. ನಗಲಿಲ್ಲ. ಗಾಜು ಸ್ವಚ್ಛವಾದ ಮೇಲೆ ಬಾಯಿಬಿಟ್ಟಳು.

"ಈರುಳ್ಳಿ, ಗಸಗಸೆ, ಎಣ್ಣೆ, ಉಪ್ಪು ಹಿಂದಿನ ದಿನವೇ ಕಲಸಿಡ್ತೀನಿ, ರೆಗಿನಾ ಅವರೇ. ನೆನೆದ ಈರುಳ್ಳಿ ಸೀಯಲ್ಲ. ನೀವು ಹೆಚ್ಚಿದ ತಕ್ಷಣ ಹಾಕ್ತೀರಿ. ಇಷ್ಟೇ ಇರೋದು. ರಸ್ತೆ ದಾಟಿ ಕೇಳಿದ್ರೆ ಮೊದಲ ದಿನವೇ ಹೇಳ್ತಿದ್ದೆ."

ಶಾಲೆಯವರು ಮತ್ತೆ ಬನ್ನು ತರಿಸತೊಡಗಿದರು. ತಿಂಗಳ ಕೊನೆಗೆ ಚೀಟಿ ಹೋಯಿತು, ಅಂಗಡಿ ಉಳಿಯಿತು. ರೆಗಿನಾ ಪಟ ಇಳಿಸಿದ್ದಾಳೆ. ತಲೆ ಎಣಿಸುವುದನ್ನು ಬಿಟ್ಟಿಲ್ಲ. ಹೊಟ್ಟೆಕಿಚ್ಚು ಪೂರ್ತಿ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಈರುಳ್ಳಿಯನ್ನು ಹಿಂದಿನ ದಿನವೇ ಕಲಸಿಡುತ್ತಾಳೆ.

ಇದನ್ನು ಓದುತ್ತಿರುವವರೇ, ಎಲ್ಲಾ "ಅವರ" ಕೈಯಲ್ಲಿದೆ ಎಂದು ರೇಡಿಯೋ ಹೇಳಲಿ, ನೆರೆಯವರು ಹೇಳಲಿ, ಯಾರು, ಎಲ್ಲಿ, ನೀವು ಕಂಡಿದ್ದೀರಾ ಎಂದು ಕೇಳಿ. ಹೊಟ್ಟೆ ಉರಿದರೆ ಉರಿಯಿತು ಎನ್ನಿ, ಅದಕ್ಕೆ ಒಂದು ಜನಾಂಗದ ಹೆಸರಿಡಬೇಡಿ. ನನ್ನ ಹಾಗೆ ಬ್ರೆಡ್ಡು ಹಿಡಿದು ಸುಮ್ಮನೆ ಹೊರಡಬೇಡಿ. ಅವತ್ತು ನಾನು ಒಂದು ಮಾತು ಆಡಿದ್ದರೆ ಆ ಗಾಜು ಒರೆಸಬೇಕಾಗಿ ಬರುತ್ತಿರಲಿಲ್ಲವೇನೋ.