ಪರೀಕ್ಷೆಗೆ ಅವ್ವನ ಬೆನ್ನು

ಪರೀಕ್ಷೆ ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕಿತ್ತು. ಅಪ್ಪ, ಅವ್ವ, ತಮ್ಮ ಮೂವರೂ ಬುಧವಾರ ಮಧ್ಯಾಹ್ನದ ಹಡಗಿಗೆ ಬಂದಿಳಿದರು. ಈಗ ಬರಬೇಡಿ, ಪರೀಕ್ಷೆ ಮುಗಿದ ಮೇಲೆ ಬನ್ನಿ ಎಂದು ಫೋನಿನಲ್ಲಿ ಮೂರು ಸಲ ಹೇಳಿದ್ದೆ. ಟಿಕೆಟ್ ಆಗಲೇ ತೆಗೆಸಿಯಾಗಿದೆ ಎಂದು ತಮ್ಮ ವೀರು ಹೇಳಿದ. ಪರೀಕ್ಷೆಯ ತಾರೀಖು ನೋಡಿಕೊಂಡೇ ತೆಗೆಸಿದ್ದನಂತೆ.

"ನಿನಗ ಧೈರ್ಯ ಬರ್ಲಿ ಅಂತ, ಅಕ್ಕ" ಎಂದ.

ಅಂಡಮಾನಿನ ಈ ಸಣ್ಣ ದ್ವೀಪದಲ್ಲಿ ನಾನು ನಾಲ್ಕು ತಿಂಗಳಿಂದ ಇದ್ದೆ. ಫಿಜಿಯೋಥೆರಪಿ ಓದಿ ಗದಗಿನ ದವಾಖಾನೆಯೊಂದರಲ್ಲಿ ಎರಡು ವರ್ಷ ಕೆಲಸ ಮಾಡಿದವಳು ನಾನು. ಅಲ್ಲಿಗೆ ಬರುವವರಲ್ಲಿ ಅರ್ಧದಷ್ಟು ಜನ ಬೆಟಗೇರಿಯ ನೇಕಾರರು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಕೂತು ಅವರ ಬೆನ್ನು ಹಲಗೆಯಾಗಿರುತ್ತದೆ. ನನ್ನ ಹೆಬ್ಬೆರಳು ದಿನಕ್ಕೆ ಎರಡು ಬೆನ್ನಿಗೆ ಸಾಕಾಗುತ್ತಿತ್ತು, ಹತ್ತಕ್ಕೆ ಸಾಲುತ್ತಿರಲಿಲ್ಲ. ಸಂಜೆಗೆ ಬೆರಳು ಬಾತು ಪೆನ್ನು ಹಿಡಿಯಲಿಕ್ಕೆ ಬರುತ್ತಿರಲಿಲ್ಲ. ಕಾಲಿನಿಂದ ಮಾಲೀಶು ಮಾಡುವ ಕೇರಳದ ಪದ್ಧತಿಯೊಂದಿದೆ. ರೋಗಿ ನೆಲದ ಚಾಪೆಯ ಮೇಲೆ ಬೋರಲು ಮಲಗಬೇಕು. ಮಾಡುವವರು ಮೇಲೆ ಅಡ್ಡಕ್ಕೆ ಕಟ್ಟಿದ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಎಣ್ಣೆ ಸವರಿದ ಮೈಯ ಮೇಲೆ ಪಾದ ಊರಿ, ರೋಗಿಯ ಹಿಮ್ಮಡಿಯಿಂದ ಕೈಬೆರಳ ತುದಿಯವರೆಗೆ ಒಂದೇ ಎಳೆತದಲ್ಲಿ ಒತ್ತಿಕೊಂಡು ಹೋಗಬೇಕು. ಹೆಬ್ಬೆರಳಿಗಿಂತ ಹತ್ತು ಪಟ್ಟು ಭಾರ ಬೀಳುತ್ತದೆ, ಮಾಡುವವರಿಗೆ ಆಯಾಸವಾಗುವುದಿಲ್ಲ. ಅದನ್ನು ಮೂರು ಹಂತದಲ್ಲಿ ಕಲಿಸುವ ಶಾಲೆ ಈ ದ್ವೀಪದಲ್ಲಿತ್ತು.

ಬೆಟಗೇರಿಯ ಎಲುಬಿನ ಡಾಕ್ಟರೊಬ್ಬರು ತಮ್ಮ ದವಾಖಾನೆಯ ಪಕ್ಕದ ಖೋಲಿಯನ್ನು ನನಗೆ ಕೊಡುತ್ತೇನೆಂದಿದ್ದರು. ಮೂರನೇ ಹಂತದ ಸರ್ಟಿಫಿಕೇಟು ತಂದರೆ ಮಾತ್ರ, ಅದೂ ಈ ತಿಂಗಳ ಒಳಗೆ. ಇಲ್ಲದಿದ್ದರೆ ಅಲ್ಲಿ ಎಕ್ಸ್‌ರೇ ಮಷೀನು ಕೂರಿಸುವವರಿದ್ದರು. ಇಲ್ಲಿ ಆ ಹಂತದ ಪರೀಕ್ಷೆ ಆರು ತಿಂಗಳಿಗೊಮ್ಮೆ. ಅಷ್ಟೇ ವಿಷಯ.

ಇದನ್ನೆಲ್ಲ ಅಪ್ಪನಿಗೆ ಹಡಗುಕಟ್ಟೆಯಲ್ಲೇ ಮತ್ತೊಮ್ಮೆ ಹೇಳಿದೆ. ಅಪ್ಪ ಕೊಟ್ರಪ್ಪ ಲಕ್ಷ್ಮೇಶ್ವರದಲ್ಲಿ ಶೇಂಗಾ ವ್ಯಾಪಾರ ಮಾಡುತ್ತಾನೆ, ಮನೆ ಶಿಗ್ಲಿಯಲ್ಲಿ. ಕೇಳಿಸಿಕೊಂಡು ಸಮುದ್ರದ ಕಡೆ ನೋಡಿದ.

"ಅಲ್ಲವಾ ವಾಣಿ, ಅಷ್ಟು ವರ್ಷ ಓದಿ ಡಾಕ್ಟರಕಿ ಆದಿ. ಮಂದಿ ಮೈ ತುಳಿಯೂದು ಕಲಿಯಾಕ ಸಮುದ್ರ ದಾಟಬೇಕಿತ್ತೇನು? ನಾ ಊರಾಗ ಎಂ.ಡಿ. ಮಾಡಾಕ ಹೋಗ್ಯಾಳಂತ ಹೇಳೀನಿ."

"ಹೇಳಿದಾಂವ ನೀನ. ಹೋಗಿ ತಿದ್ದು."

"ಈಗ ತಿದ್ದಾಕ ಬರೂದಿಲ್ಲ. ನಮ್ಮೂರ ಸಾಲಿ ಹೊನ್ನೇಶ ಮಾಸ್ತರ ನಿನಗ ಸನ್ಮಾನ ಇಟ್ಕೊಂಡಾರ. ಹೊದಿಸಾಕ ಶಾಲು ತಂದಾರಂತ."

ಅವ್ವ ಸುಮಿತ್ರವ್ವನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಅಂಡಮಾನಿನವರೆಗೆ ವಿಮಾನ, ಅಲ್ಲಿಂದ ಹಡಗು. ವಿಮಾನ ನಿಲ್ದಾಣದಲ್ಲಿ ಅವಳ ಕೈಚೀಲದಲ್ಲಿದ್ದ ಶೇಂಗಾ ಎಣ್ಣೆಯ ಡಬ್ಬಿಯನ್ನು ಕಸಿದುಕೊಂಡಿದ್ದರು. ಉಳಿದದ್ದು ಬಂದಿತ್ತು: ಅರವತ್ತು ಗರಿಗರಿ ಕಟಕು ರೊಟ್ಟಿ, ಮೂರು ಥರದ ಚಟ್ನಿಪುಡಿ, ಕಡಲೆಹಿಟ್ಟು, ಎರಡು ಕಿಲೋ ಹಸಿಮೆಣಸಿನಕಾಯಿ. ಇಲ್ಲಿ ಮೆಣಸಿನಕಾಯಿ ಸಿಗುವುದಿಲ್ಲವೆಂದು ಅವಳಿಗೆ ಯಾರು ಹೇಳಿದರೋ ಗೊತ್ತಿಲ್ಲ.

ಗುರುವಾರ ನಾನು ಇಡೀ ದಿನ ಅಭ್ಯಾಸ ಮಾಡಬೇಕಿತ್ತು. ಅಪ್ಪ ಬೆಳಿಗ್ಗೆ ಐದಕ್ಕೆ ಶಾಲೆಯ ಅಂಗಳಕ್ಕೆ ಬಂದು, ಸ್ಪೀಕರ್ ಹಾಕಿಕೊಂಡು ಊರಿನ ಮಂದಿಗೆಲ್ಲ ಫೋನು ಮಾಡಿದ. ಒಳಗೆ ಧ್ಯಾನಕ್ಕೆ ಕೂತಿದ್ದ ಹದಿನಾಲ್ಕು ಜನಕ್ಕೆ ಲಕ್ಷ್ಮೇಶ್ವರದಲ್ಲಿ ಮಳೆ ಆಗಿಲ್ಲವೆಂಬ ಖಬರು ಗೊತ್ತಾಯಿತು. ವೀರು ಕಿಟಕಿಯಿಂದ ನನ್ನ ವಿಡಿಯೋ ತೆಗೆಯುತ್ತಿದ್ದ. ಟೀಚರ್ ಎದ್ದು ಕಿಟಕಿ ಮುಚ್ಚಿದರು. ಅವರು ಕೇರಳದ ಹೆಂಗಸು, ಅರವತ್ತರ ವಯಸ್ಸು, ಸಿಟ್ಟಾದರೆ ಮಾತಾಡುವುದಿಲ್ಲ, ಕಿಟಕಿ ಮುಚ್ಚುತ್ತಾರೆ. ಆ ದಿನ ಮೂರು ಕಿಟಕಿ ಮುಚ್ಚಿದರು.

ಸಂಜೆ ಅವ್ವ ಹಾಸ್ಟೆಲಿನ ಅಡುಗೆಮನೆಗೆ ನುಗ್ಗಿ ಎಲ್ಲರಿಗೂ ಮಿರ್ಚಿ ಬಜಿ ಕರಿದಳು. ಪರೀಕ್ಷೆಗೆ ನನ್ನ ಜೋಡಿಯಾಗಿದ್ದವಳು ಪೋಲಂಡಿನ ಹುಡುಗಿ. ನಾನು ಅವಳ ಮೇಲೆ, ಅವಳು ನನ್ನ ಮೇಲೆ ಮಾಡಿ ತೋರಿಸಬೇಕಿತ್ತು. ಅವಳು ಮೊದಲ ಮಿರ್ಚಿಗೆ ಕಣ್ಣೀರು ಸುರಿಸಿದಳು, ನಕ್ಕಳು, ಇನ್ನೊಂದು ತೆಗೆದುಕೊಂಡಳು.

"ಬೆಳ್ಳಗಿನಾಕಿ ಚೊಲೋ ತಿಂತಾಳ ನೋಡು" ಎಂದಳು ಅವ್ವ. "ನೀ ಒಂದು ತಿಂದು ಎದ್ದಿ."

"ಅವ್ವಾ, ಸಾಕು, ಅಕಿಗೆ ಹಾಕಬ್ಯಾಡ. ನಾಳೆ ಅಕಿ ಮ್ಯಾಲೆ ನನ್ನ ಪರೀಕ್ಷಾ ಐತಿ."

"ಪರೀಕ್ಷಾ ನಿಂದು, ಅಕಿಗೇನ? ಬಾಯಿ ಮುಂದ ಹಿಡದಿದ್ದು ಕಸ್ಕೋತಾರೇನು?"

ಪೋಲಂಡಿನವಳು ಐದು ತಿಂದಳು.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಅವಳು ಪಾಯಖಾನೆಯಲ್ಲಿದ್ದಳು. ಏಳೂವರೆಗೆ ಹೊರಬಂದು, ಗೋಡೆ ಹಿಡಿದುಕೊಂಡು ಮತ್ತೆ ಒಳಗೆ ಹೋದಳು. ಹೊಟ್ಟೆಯ ಮೇಲೆ ಮಲಗುವ ಮಾತೇ ಇರಲಿಲ್ಲ. ಅವಳಿಗೇನೂ ಚಿಂತೆಯಿರಲಿಲ್ಲ, ವರ್ಷವಿಡೀ ಇಲ್ಲೇ ಇರುವವಳು, ಮುಂದಿನ ಸಲ ಕೊಡುತ್ತೇನೆ ಎಂದಳು. ನಾನು ಟೀಚರ್ ಹತ್ತಿರ ಹೋದೆ. ಉಳಿದ ಹುಡುಗಿಯರು ತಮ್ಮ ತಮ್ಮ ಜೋಡಿಗೆ ಬೇಕಾಗಿದ್ದರು, ಒಂದು ಮೈಯನ್ನು ದಿನಕ್ಕೆ ಒಂದೇ ಸಲ ತುಳಿಯಬೇಕೆಂಬುದು ಶಾಲೆಯ ನಿಯಮ. ಹೆಂಗಸರು ಹೆಂಗಸರಿಗೇ ಮಾಡಬೇಕೆಂಬುದು ಇನ್ನೊಂದು ನಿಯಮ. ಒಂಬತ್ತರೊಳಗೆ ಯಾರಾದರೂ ಹೆಂಗಸನ್ನು ಕರೆತಾ, ಇಲ್ಲದಿದ್ದರೆ ಆರು ತಿಂಗಳ ನಂತರ ಬಾ ಎಂದರು. ಅವರ ಕೈ ಕಿಟಕಿಯ ಮೇಲಿತ್ತು.

ಅತಿಥಿಗೃಹದ ಪಡಸಾಲೆಯಲ್ಲಿ ಮನೆಯವರು ರೊಟ್ಟಿ ಮೊಸರು ತಿನ್ನುತ್ತಿದ್ದರು. ನಾನು ನಿಂತುಕೊಂಡೇ ಎಲ್ಲ ಹೇಳಿದೆ.

"ತಾಯಿ ಮೈ ಮ್ಯಾಲೆ ಮಗಳು ಕಾಲಿಡೂದ?" ಎಂದಳು ಅವ್ವ. "ಶಿವ ಶಿವ. ಬ್ಯಾರೆ ಯಾರನರ ನೋಡು."

"ಬ್ಯಾರೆ ಯಾರಿಲ್ಲ. ಇದ್ದಾಕಿಗೆ ನೀ ಮಿರ್ಚಿ ತಿನಿಸಿದಿ."

"ಮಿರ್ಚಿ ಚೊಲೋನ ಇದ್ದವು. ನಿಮ್ಮಪ್ಪ ಏಳು ತಿಂದಾರ, ಅವರಿಗೇನಾಗೇತಿ?"

"ನನಗೇನೂ ಆಗಿಲ್ಲ" ಎಂದ ಅಪ್ಪ.

"ನಾ ಮಕ್ಕೊಂತೀನಿ ತಗೋ ಅಕ್ಕ" ಎಂದ ವೀರು. "ಸಣ್ಣಾಂವಿದ್ದಾಗಿಂದ ತುಳಿಸ್ಕೊಂಡ ರೂಢಿ ಐತಿ."

"ಗಂಡಸರಿಗೆ ಒಳಗ ಬಿಡಂಗಿಲ್ಲ."

ಅಪ್ಪ ಕೈತೊಳೆದು ಒರೆಸಿಕೊಂಡ. "ಆರು ತಿಂಗಳಾದ್ರ ಆರು ತಿಂಗಳು. ನಮ್ಮ ಜೋಡಿ ಊರಿಗೆ ನಡಿ. ಅಲ್ಲಿತನಕ ಮನಿಯಾಗಿರು. ಆ ಖೋಲಿ ಹೋದ್ರ ಹೋಗ್ಲಿ."

ನಾನು ಗಡಿಯಾರ ನೋಡಿದೆ. ಎಂಟೂ ಹತ್ತಾಗಿತ್ತು. ಮನೆಯಲ್ಲಿ ಆರು ತಿಂಗಳು ಎಂದರೆ ನೋಡಲಿಕ್ಕೆ ಬರುವ ವರಗಳಿಗೆ ಅವಲಕ್ಕಿ ಹಚ್ಚುವುದು. ಅದು ಗೊತ್ತಿದ್ದೇ ಅಪ್ಪ ಹೇಳಿದ್ದ.

ಅವ್ವ ತಾಟು ಕೆಳಗಿಟ್ಟಳು. "ನೀವು ಸುಮ್ಕಿರ್ರಿ. ಆರು ತಿಂಗಳು ಇಕಿ ಮನಿಯಾಗ ಮಾರಿ ಊದಿಸ್ಕೊಂಡು ಕುಂತ್ರ ನೋಡಾಕಿ ನಾನ, ನೀವು ಅಂಗಡ್ಯಾಗಿರ್ತೀರಿ." ನನ್ನ ಕಡೆ ತಿರುಗಿದಳು. "ಎಷ್ಟೊತ್ತು ತುಳಿತಿ?"

"ನಲವತ್ತು ನಿಮಿಷ."

"ಕುಬಸ ಬಿಚ್ಚಂಗಿಲ್ಲ."

ಕುಬಸದ ವಿಷಯಕ್ಕೆ ಇಪ್ಪತ್ತು ನಿಮಿಷ ಹೋಯಿತು. ಎಣ್ಣೆ ಹಚ್ಚಬೇಕೆಂದರೆ ಬೆನ್ನು ಬರಿದಾಗಿರಬೇಕು. ಕೊನೆಗೆ ಒಂದು ಧೋತರ ಹೊದಿಸುವುದು, ಎಲ್ಲ ಕಿಟಕಿ ಮುಚ್ಚುವುದು, ಅಪ್ಪ ಮತ್ತು ವೀರು ದ್ವೀಪದ ಆಚೆ ದಂಡೆಗೆ ಹೋಗುವುದು ಎಂಬ ಕರಾರಿನ ಮೇಲೆ ಒಪ್ಪಿದಳು. ಕಿಟಕಿ ಮುಚ್ಚುವುದಕ್ಕೆ ಟೀಚರ್ ತಕರಾರು ಮಾಡಲಿಲ್ಲ. ಆಮೇಲೆ ಕೊರಳಲ್ಲಿದ್ದ ಲಿಂಗದ ಪ್ರಶ್ನೆ ಬಂತು. ಲಿಂಗವಿಟ್ಟ ಬೆಳ್ಳಿಯ ಕರಡಿಗೆಯ ಮೇಲೆ ಬೋರಲು ಮಲಗಿದರೆ ಎದೆಗೆ ಒತ್ತುತ್ತದೆ, ಮೈಯಿಂದ ತೆಗೆದಿಡುವ ಹಾಗಿಲ್ಲ. ಎಡಗೈ ಮುಷ್ಟಿಯಲ್ಲಿ ಹಿಡಿದುಕೊಳ್ಳಲಿ ಎಂದು ಟೀಚರ್ ಹೇಳಿದರು. ಅವ್ವನಿಗೆ ಆ ಮಾತು ಹಿಡಿಸಿತು. "ಈಕಿ ತಿಳದಾಕಿ ಅದಾಳ" ಎಂದಳು.

ನಿಯಮಗಳು ಸರಳವಾಗಿದ್ದವು. ಎಳೆತ ಮುಗಿಯುವವರೆಗೆ ಪಾದ ಮೈ ಬಿಡಬಾರದು, ಕೈ ಹಗ್ಗ ಬಿಡಬಾರದು. ಮೂರು ಸಲ ಬಿಟ್ಟರೆ ಫೇಲು.

ಎಣ್ಣೆ ಸವರಿ, ಹಗ್ಗ ಹಿಡಿದು, ಬಲಗಾಲನ್ನು ಅವ್ವನ ಬೆನ್ನ ಮೇಲಿಟ್ಟೆ. ಭಾರ ಹಾಕುವ ಮೊದಲೇ ನನ್ನ ಬಲಗೈ ಹಗ್ಗ ಬಿಟ್ಟು, ಕೆಳಗೆ ಬಾಗಿ, ಅವ್ವನ ಬೆನ್ನು ಮುಟ್ಟಿ ನನ್ನ ಕಣ್ಣಿಗೆ ಒತ್ತಿಕೊಂಡಿತ್ತು.

ಟೀಚರ್ ಒಂದು ಬೆರಳು ಎತ್ತಿದರು.

ನಮ್ಮ ಕಡೆ ಯಾರಿಗಾದರೂ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಪುಸ್ತಕಕ್ಕೆ ತಾಗಿದರೂ ಅಷ್ಟೇ, ಬಸ್ಸಿನಲ್ಲಿ ಪಕ್ಕದವರ ಚೀಲಕ್ಕೆ ತಾಗಿದರೂ ಅಷ್ಟೇ. ಯೋಚಿಸಿ ಮಾಡುವ ಕೆಲಸವಲ್ಲ ಅದು. ಆದರೆ ನಾಲ್ಕು ತಿಂಗಳಲ್ಲಿ ನಾನು ಹನ್ನೆರಡು ಜನರನ್ನು ತುಳಿದಿದ್ದೆ, ಒಮ್ಮೆಯೂ ಕೈ ಅಲುಗಿರಲಿಲ್ಲ. ಅವು ಬರೀ ಬೆನ್ನುಗಳಾಗಿದ್ದವು. ಹೀಗಾಗಬಹುದೆಂದು ಹೊಳೆದೇ ಇರಲಿಲ್ಲ.

ಎರಡನೇ ಎಳೆತಕ್ಕೆ ಹಗ್ಗವನ್ನು ಉಗುರು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದೆ. ಸೊಂಟದ ಮೇಲೆ ಪಾದ ಇಟ್ಟೆ. ಕೈ ಹೋಯಿತು. ಹೋಗಿ ಕಣ್ಣಿಗೊತ್ತಿಕೊಂಡು ಬಂದ ಮೇಲೆಯೇ ನನಗೆ ತಿಳಿದದ್ದು. ಟೀಚರ್ ಎರಡನೇ ಬೆರಳು ಎತ್ತಿದರು.

"ಯಾಕ ನಿಂತಿ?" ಅವ್ವ ಚಾಪೆಯಿಂದ ಕೇಳಿದಳು.

"ಕೈ ಬಿಟ್ಟೆ. ಇನ್ನೊಮ್ಮೆ ಬಿಟ್ಟರ ಫೇಲು."

"ಯಾಕ ಬಿಡ್ತಿ?"

"ನಿನಗ ನಮಸ್ಕಾರ ಮಾಡಾಕ. ನಾ ಮಾಡಾಕತ್ತಿಲ್ಲವ್ವ, ಅದ ಹೋಗಾಕತ್ತೈತಿ."

ಅವ್ವ ಲಿಂಗ ಹಿಡಿದ ಮುಷ್ಟಿ ಬಿಗಿದಳು. "ಮಾಡಬ್ಯಾಡಂತ ನಾ ಹೆಂಗ ಹೇಳ್ಲಿ? ಅದು ತಪ್ಪಾಕ್ಕೈತಿ."

"ಹಂಗಾರ ಫೇಲಾಗ್ತೀನಿ. ಏಳು ನಡಿ."

"ತಡಿ. ಬಾಯಿ ಭಾಳ ನಿಂದು." ತಲೆಯನ್ನು ಬಲಕ್ಕೆ ಹೊರಳಿಸಿದಳು. "ನಿನ್ನ ಪಾಲಿಂದು ನಾ ಮಾಡ್ತೀನಿ. ನೀ ತುಳಿ."

ಪರೀಕ್ಷೆಯಲ್ಲಿ ಮಾತಾಡಬಾರದು ಎಂದು ಟೀಚರ್ ಹೇಳಿದರು.

ಪಾದ ಇಟ್ಟೆ. ನನ್ನ ಬೆರಳು ಹಗ್ಗದ ಮೇಲೆ ಸಡಿಲವಾಗುತ್ತಿದ್ದ ಹಾಗೆಯೇ ಕೆಳಗೆ ಅವ್ವನ ಬಲಗೈ ಎದ್ದು, ಅವಳ ಹೆಗಲನ್ನೇ ಮುಟ್ಟಿ, ಅವಳ ಕಣ್ಣಿಗೇ ಒತ್ತಿಕೊಂಡಿತು. ನನ್ನ ಕೈ ಹಗ್ಗದ ಮೇಲೆಯೇ ಉಳಿಯಿತು. ಯಾಕೆ ಉಳಿಯಿತೆಂದು ನನಗೆ ವಿವರಿಸಲಿಕ್ಕೆ ಬರುವುದಿಲ್ಲ. ಆಗಬೇಕಾದದ್ದು ಆಗಿದೆ ಎಂದು ಅದಕ್ಕೆ ಗೊತ್ತಾಗಿರಬೇಕು.

ಹಾಗೆಯೇ ಮುಂದುವರಿದೆವು. ಪ್ರತಿ ಎಳೆತಕ್ಕೆ ಒಂದು ನಮಸ್ಕಾರ. ಅವಳ ಬಲಗೈಯನ್ನೇ ತುಳಿಯಬೇಕಾಗಿ ಬಂದಾಗ ಎಡಗೈ ಮುಷ್ಟಿಯನ್ನು ಲಿಂಗದ ಸಮೇತ ಕಣ್ಣಿಗೆ ಒತ್ತಿಕೊಂಡಳು. ನಾನು ನಿಧಾನವಾಗಿ ಪೂರ್ತಿ ಭಾರ ಹಾಕತೊಡಗಿದೆ. ಬಲಭುಜ ಕಲ್ಲಾಗಿತ್ತು. ದಿನಕ್ಕೆ ಮೂವತ್ತು ನಲವತ್ತು ರೊಟ್ಟಿ ಬಡಿಯುವ ಭುಜ ಅದು, ನೇಕಾರರ ಬೆನ್ನಿಗಿಂತ ಗಟ್ಟಿ. ಎರಡು ವರ್ಷ ಮಂದಿಯ ಮೈ ನೋಡಿದ ನಾನು ಅದನ್ನು ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ. ಹಿಮ್ಮಡಿಯಿಂದ ಒತ್ತಿ ಹಿಡಿದೆ. ಒಳಗಿನ ಗಂಟು ಸರಿಯಿತು. ಅವ್ವ ಹೂಂ ಎಂದಳು.

ಹೊಸ ತೊಂದರೆ ಶುರುವಾದದ್ದು ಮೂವತ್ತನೇ ನಿಮಿಷಕ್ಕೆ. ಅವ್ವನಿಗೆ ನಿದ್ದೆ ಬರತೊಡಗಿತು. ಪಾದ ಇಟ್ಟೆ, ಅವಳ ಕೈ ಏಳಲಿಲ್ಲ. ನನ್ನ ಬಲಗೈಯ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಳ್ಳತೊಡಗಿದವು. ಟೀಚರ್ ನನ್ನ ಕೈಯನ್ನೇ ನೋಡುತ್ತಿದ್ದರು.

"ಅವ್ವಾ" ಎಂದು ಹಲ್ಲು ಕಚ್ಚಿಕೊಂಡು ಕರೆದೆ.

"ಹಾಂ?" ಎಂದು ಬೆಚ್ಚಿ, ಮುಟ್ಟಿ, ಕಣ್ಣಿಗೆ ಒತ್ತಿಕೊಂಡಳು. ನನ್ನ ಬೆರಳುಗಳು ಮುಚ್ಚಿಕೊಂಡವು.

ಕೊನೆಯ ಹತ್ತು ನಿಮಿಷ ಹೀಗೆ ನಾಲ್ಕು ಸಲ ಎಬ್ಬಿಸಿದೆ. ನಾಲ್ಕನೇ ಸಲ ಅವಳು ಬೈದಳು.

ನೂರಕ್ಕೆ ಎಪ್ಪತ್ತು ಬಂದರೆ ಪಾಸು. ನನಗೆ ಎಪ್ಪತ್ತೆರಡು ಬಂತು. ಕೈ ಬಿಟ್ಟದ್ದಕ್ಕೆ ಎರಡು ಕಡೆ ಮಾರ್ಕ್ಸ್ ಕಡಿದಿದ್ದರು, ಮಾತಾಡಿದ್ದಕ್ಕೂ ಕಡಿದಿದ್ದರು. ಕೆಳಗೆ ಒಂದು ಟಿಪ್ಪಣಿ ಬರೆದಿದ್ದರು: ರೋಗಿಯ ಬಲಗೈ ಕೊನೆಯವರೆಗೂ ವಿಶ್ರಾಂತಿಗೆ ಬರಲಿಲ್ಲ, ವಿದ್ಯಾರ್ಥಿನಿ ಇದನ್ನು ಗಮನಿಸಬೇಕು. ಅವ್ವನಿಗೆ ಆ ಕೈಯಲ್ಲಿ ಏನಾದರೂ ಕಾಯಿಲೆಯಿದೆಯೇ ಎಂದು ಕೇಳಿದರು. ಇಲ್ಲ, ರೂಢಿ ಎಂದೆ. ಸಹಿ ಮಾಡಿಕೊಟ್ಟರು.

ಹೊರಗೆ ಬಂದು ಬೆಟಗೇರಿಯ ಡಾಕ್ಟರಿಗೆ ಸರ್ಟಿಫಿಕೇಟಿನ ಫೋಟೋ ಕಳಿಸಿದೆ. ಅಪ್ಪ ಆಚೆ ದಂಡೆಗೆ ಹೋಗಿರಲೇ ಇಲ್ಲ, ಗೇಟಿನ ಹತ್ತಿರ ಎಳನೀರು ಕುಡಿಯುತ್ತಿದ್ದ. ಪಾಸು ಎಂದು ಕೇಳಿದ್ದೇ ಊರಿಗೆ ಫೋನು ಹಚ್ಚಿದ. ಎಂ.ಡಿ. ಆಯಿತು ಎಂದು ಅವನು ಹೇಳುವುದು ಕೇಳಿಸಿತು. ನಾನು ತಡೆಯಲಿಲ್ಲ, ನನ್ನಲ್ಲಿ ತ್ರಾಣವಿರಲಿಲ್ಲ.

ಅವ್ವ ಕಟ್ಟೆಯ ಮೇಲೆ ಕೂತು ಬಲಭುಜವನ್ನು ಮೇಲೆ ಕೆಳಗೆ ಆಡಿಸಿ ನೋಡುತ್ತಿದ್ದಳು. ಅಪ್ಪ ದೂರದಲ್ಲಿದ್ದಾನೆಂದು ಖಾತ್ರಿ ಮಾಡಿಕೊಂಡು ಸಣ್ಣ ದನಿಯಲ್ಲಿ ಹೇಳಿದಳು.

"ನಾಳೆನೂ ಒಮ್ಮೆ ಮಾಡು."

"ಮಾಡ್ತೀನಿ. ಕೈಲೆ ಮಾಡ್ತೀನಿ."

"ಕೈಲೆ ಬ್ಯಾಡ. ಕೈಯಾಗೇನೈತಿ. ಕಾಲೀಲೆ ಮಾಡು."

"ನಮಸ್ಕಾರ ಯಾರು ಮಾಡೂದು?"

"ನೀನ ಮಾಡ್ಕೋ. ಮಾರ್ಕ್ಸ್ ಕಡಿಯಾಕಿ ಇರೂದಿಲ್ಲಲ್ಲ" ಎಂದಳು. "ನಾ ನಿದ್ದಿ ಮಾಡ್ತೀನಿ. ನಡಕ ಎಬ್ಬಿಸಬ್ಯಾಡ."

ಅವರು ಹೊರಡಲಿಕ್ಕೆ ಇನ್ನೂ ಆರು ದಿನ ಇತ್ತು.